ಶಾಸಕರ ಕಚೇರಿಯ ಮುಂದೆ ಅರವತ್ತು ಕುರ್ಚಿ

ಡೆಲ್ಫಿನಾ ಪವಾನ್‌ಗೆ ಸುದ್ದಿ ಸಿಕ್ಕಿದ್ದು ಅವಳು ಓಡಿಸುವ ಶಾಲೆಯ ಬಸ್ಸಿನ ರೇಡಿಯೋದಲ್ಲಿ. ೨೦೧೨ರ ಜೂನ್ ತಿಂಗಳ ಒಂದು ಶುಕ್ರವಾರ, ಬೆಳಗಿನ ಏಳೂವರೆ. ಹಿಂದೆ ಮೂವತ್ತೊಂದು ಮಕ್ಕಳು ಎಂದಿನಂತೆ ಗದ್ದಲ ಹಾಕುತ್ತಿದ್ದರು. ಎದುರಿಗೆ ಕಬ್ಬಿನ ರೈಲು ರಸ್ತೆ ದಾಟುತ್ತಿತ್ತು, ಅದರ ಡಬ್ಬಿಗಳು ಮುಗಿಯುವ ಹಾಗೆ ಕಾಣುತ್ತಿರಲಿಲ್ಲ. ಬ್ರಿಸ್ಬೇನ್‌ನಲ್ಲಿ ರಾಜ್ಯದ ಶಾಸನಸಭೆ ಹಿಂದಿನ ದಿನ ಸಿವಿಲ್ ಪಾರ್ಟ್‌ನರ್‌ಶಿಪ್ ಕಾನೂನನ್ನು ತಿದ್ದಿದೆ ಎಂದು ವಾರ್ತೆ ಓದುವವಳು ಹೇಳಿದಳು. ಗಂಡು ಗಂಡು, ಹೆಣ್ಣು ಹೆಣ್ಣು ಜೊತೆಯಾಗಿರುವವರು ಇನ್ನು ಮುಂದೆಯೂ ನೋಂದಣಿ ಮಾಡಿಸಬಹುದು. ಆದರೆ ಅಧಿಕಾರಿಯ ಮುಂದೆ ನಿಂತು, ನಾಲ್ಕು ಜನರ ಎದುರು ಒಬ್ಬರಿಗೊಬ್ಬರು ಮಾತು ಕೊಡುವ ಸಮಾರಂಭವನ್ನು ಕಾನೂನಿನಿಂದ ತೆಗೆಯಲಾಗಿದೆ. ಅದು ನೋಡುವುದಕ್ಕೆ ಮದುವೆಯ ಹಾಗಿದೆಯೆಂದು ಕೆಲವರ ಮನಸ್ಸಿಗೆ ನೋವಾಗಿತ್ತಂತೆ. ಹೆಸರನ್ನೂ ಬದಲಿಸಿದ್ದಾರೆ: 'ನೋಂದಾಯಿತ ಸಂಬಂಧ'.

ರೈಲು ಹೋಯಿತು. ದಾರಿ ತಡೆದಿದ್ದ ಕೆಂಪು ದೀಪ ಆರಿತು. ಫಿನಾ ಬಸ್ಸು ಬಿಡಲಿಲ್ಲ. ಊರಿನವರೆಲ್ಲ ಅವಳನ್ನು ಕರೆಯುತ್ತಿದ್ದುದು ಫಿನಾ ಎಂದೇ. ಹಿಂದಿದ್ದ ಲಾರಿಯವನು ಹಾರ್ನ್ ಒತ್ತಿಹಿಡಿದ. ಅವಳು ಕಿಟಕಿಯಿಂದ ತಲೆ ಹೊರಹಾಕಿ ಒಂದು ಮಾತು ಬೈದಳು. ಮಕ್ಕಳ ಗದ್ದಲ ಒಮ್ಮೆಲೇ ನಿಂತಿತು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ಫಿನಾಳ ಬಾಯಲ್ಲಿ ಅಂಥ ಮಾತನ್ನು ಬ್ರಾಂಬಲ್ ಕ್ರೀಕ್ ಊರಿನ ಯಾವ ಮಗುವೂ ಕೇಳಿರಲಿಲ್ಲ.

ಅವಳಿಗೆ ಅರವತ್ತೊಂದು. ಅವಳ ಗ್ಲೆನಿಸ್‌ಗೆ ಅರವತ್ತಾರು. ಆಗಸ್ಟ್ ಹದಿನೆಂಟನೆಯ ತಾರೀಖು, ಶನಿವಾರ, ಇಟಾಲಿಯನ್ ಕ್ಲಬ್ಬಿನ ಹಾಲ್‌ನಲ್ಲಿ ಅವರಿಬ್ಬರ ಸಮಾರಂಭ ಎಂದು ಅರವತ್ತು ಜನಕ್ಕೆ ಕಾರ್ಡು ಹೋಗಿತ್ತು.

ಮನೆಗೆ ಬಂದಾಗ ಗ್ಲೆನಿಸ್ ಅಡುಗೆಮನೆಯಲ್ಲಿ ಮೇಜುಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ರೇಡಿಯೋ ಅಲ್ಲೂ ಇತ್ತು. ಫಿನಾ ಬಾಗಿಲಲ್ಲೇ ನಿಂತಳು.

"ಕೇಳಿದ್ಯಾ?"

"ಕೇಳ್ದೆ. ಮರ್ಲ್ ಕೂಡ ಫೋನ್ ಮಾಡಿದ್ಲು. ಇನ್ಮೇಲೆ ಅವಳು ಬಂದು ಏನು ಓದಿದ್ರೂ ಕಾನೂನಿನ ಲೆಕ್ಕಕ್ಕೆ ಬರಲ್ವಂತೆ. ಪಾಪ, ಅಳ್ತಾ ಇದ್ಲು."

ಮರ್ಲ್ ಓಸ್ಟ್‌ವಾಲ್ಡ್ ಆ ಸೀಮೆಯಲ್ಲಿ ಮದುವೆಗಳನ್ನೂ ಶವಸಂಸ್ಕಾರಗಳನ್ನೂ ನಡೆಸಿಕೊಡುವ ಹೆಂಗಸು. ಇವರದನ್ನು ನಡೆಸಿಕೊಡಲು ಒಪ್ಪಿದ್ದವಳು.

"ನೀನು ಮಾತ್ರ ಆರಾಮಾಗಿ ಇಸ್ತ್ರಿ ಹಾಕ್ತಾ ಇದ್ದೀಯ," ಎಂದಳು ಫಿನಾ.

"ಬಟ್ಟೆ ಒದ್ದೆ ಮಾಡಿಟ್ಟಿದ್ದೆ. ಏನ್ ಮಾಡ್ಲಿ, ಕಾನೂನು ಬದಲಾಯ್ತು ಅಂತ ಹಾಗೇ ಬಿಟ್ರೆ ಮುಗ್ಗಲು ಹಿಡಿಯುತ್ತೆ." ಗ್ಲೆನಿಸ್ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ಕಾಗದ ಇನ್ನೂ ಸಿಗುತ್ತೆ ಫಿನಾ. ಫಾರಂ ತುಂಬಿ, ಸಾಕ್ಷಿಗೆ ಒಬ್ಬ ಜೆ.ಪಿ. ಮುಂದೆ ಸಹಿ ಹಾಕಿ ಅಂಚೆಗೆ ಹಾಕಿದ್ರೆ ಆಯ್ತು. ಹಕ್ಕೆಲ್ಲ ಇದ್ದ ಹಾಗೇ ಇದೆ."

"ನಾಯಿಗೆ ಲೈಸೆನ್ಸ್ ಮಾಡಿಸೋದೂ ಹೀಗೇ. ದೋಣಿಗೂ ಹೀಗೇ."

"ನಮ್ಮನೇಲಿ ನಾಯಿನೂ ಇಲ್ಲ, ದೋಣಿನೂ ಇಲ್ಲ. ನಾನಿದ್ದೀನಿ."

ಇಬ್ಬರ ನಡುವಿನ ಈ ಜಗಳ ಹೊಸದಲ್ಲ. ಹಿಂದಿನ ವರ್ಷ ಆ ಕಾನೂನು ಬಂದಾಗ ಫಿನಾ ಅದನ್ನು ಅರ್ಧ ಮದುವೆ ಎಂದು ಕರೆದು ಮೂಗು ಮುರಿದಿದ್ದಳು. ಪೂರ್ತಿ ಮದುವೆ ಕೊಡುವುದು ಕ್ಯಾನ್‌ಬೆರಾದ ಕೇಂದ್ರ ಸರ್ಕಾರದ ಕೈಯಲ್ಲಿತ್ತು. ಅದು ಕೊಡುತ್ತಿರಲಿಲ್ಲ. ರಾಜ್ಯ ಕೊಡಬಹುದಾದದ್ದು ಇಷ್ಟೇ. ಬೇರೆಯವರಿಗೆ ಊಟದ ಮೇಜು, ನಮಗೆ ಹಿತ್ತಲ ಮೆಟ್ಟಿಲ ಮೇಲೊಂದು ತಟ್ಟೆ, ನನಗೆ ಬೇಡ ಎಂದಿದ್ದಳು. ಗ್ಲೆನಿಸ್ ನಲವತ್ತು ವರ್ಷ ನರ್ಸ್ ಆಗಿ ದುಡಿದವಳು. ಯಾರನ್ನು ಒಳಗೆ ಬಿಡುತ್ತಾರೆ, ಯಾರನ್ನು ಹೊರಗೆ ಕೂರಿಸುತ್ತಾರೆ ಎಂಬುದನ್ನು ಕಣ್ಣಾರೆ ಕಂಡವಳು. ಅವಳಿಗೆ ಹೆಸರಿನ ಹಂಗಿರಲಿಲ್ಲ, ಕಾಗದ ಬೇಕಿತ್ತು. ಕೊನೆಗೆ ಫಿನಾ ಒಪ್ಪಿದ್ದು ಒಂದೇ ಕಾರಣಕ್ಕೆ: ಸಮಾರಂಭವಿದೆ, ಊರಿನವರ ಮುಂದೆ ನಿಂತು ಹೇಳಬಹುದು. ಇಪ್ಪತ್ತೇಳು ವರ್ಷ 'ಮನೆ ಹಂಚಿಕೊಂಡ ಗೆಳತಿ' ಎಂದು ಕರೆಸಿಕೊಂಡದ್ದು ಅಷ್ಟರಮಟ್ಟಿಗಾದರೂ ತೀರುತ್ತದೆ. ಈಗ ತೆಗೆದುಹಾಕಿದ್ದು ಸರಿಯಾಗಿ ಅದನ್ನೇ.

"ಯಾರಿಗೋ ನೋವಾಯ್ತಂತೆ," ಎಂದಳು ಫಿನಾ. "ನಾನು ನಿನ್ನ ಕೈ ಹಿಡ್ಕೊಂಡು ಎರಡು ಮಾತು ಹೇಳಿದ್ರೆ ಅವರಿಗೆ ಎಲ್ಲಿ ನೋವಾಗುತ್ತೆ ಗ್ಲೆನ್? ನೀನು ನರ್ಸ್ ಅಲ್ವಾ, ಹೇಳು. ಮಂಡೀಲಾ? ಪಿತ್ತಕೋಶದಲ್ಲಾ?"

ಗ್ಲೆನಿಸ್ ನಗಲಿಲ್ಲ. "ನನಗೆ ಅರವತ್ತಾರು. ನಿನಗೆ ಎಲ್ಲಾ ಬೇಕು, ಇಲ್ಲಾಂದ್ರೆ ಏನೂ ಬೇಡ. ಅದಕ್ಕೆಲ್ಲ ಕಾಯೋಷ್ಟು ವರ್ಷ ನನ್ನ ಹತ್ರ ಇಲ್ಲ," ಎಂದು ಹೇಳಿ ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು.

ಮುಂದಿನ ವಾರ ಕ್ಲಬ್ಬಿನಲ್ಲಿ ಕಬ್ಬು ಅರೆಯುವ ಹಂಗಾಮು ಶುರುವಾದ ಲೆಕ್ಕದ ಊಟವಿತ್ತು. ಪ್ರತಿ ವರ್ಷದಂತೆ ಬೆಳೆಗಾರರು, ಕಾರ್ಖಾನೆಯವರು, ಕಟಾವಿನ ಯಂತ್ರದವರು ಎಲ್ಲ ಸೇರಿದ್ದರು. ಕ್ಲಬ್ಬಿನ ಅಧ್ಯಕ್ಷ ಆಲ್ಡೊ ಪವಾನ್, ಫಿನಾಳ ತಮ್ಮ. ನಾಲ್ಕು ವರ್ಷ ಚಿಕ್ಕವನು. ಅಪ್ಪನ ಇನ್ನೂರು ಎಕರೆ ಕಬ್ಬನ್ನು ನೋಡಿಕೊಳ್ಳುತ್ತಿದ್ದವನು. ಹೆಂಡತಿ ಕಾರ್ಮೆಲ್ ಒಳ್ಳೆಯವಳು. ಆದರೆ ಗಂಡನ ಎದುರು ಹೆಚ್ಚು ಮಾತಾಡುತ್ತಿರಲಿಲ್ಲ. ಮುಖ್ಯ ಅತಿಥಿಯಾಗಿ ಹೊಸ ಶಾಸಕ ಡೆರಿಲ್ ಸ್ಟಾಕ್‌ವೆಲ್ ಬಂದಿದ್ದ. ಮಾರ್ಚಿನಲ್ಲಿ ಗೆದ್ದವನು, ಎಲ್ಲರ ಹೆಗಲ ಮೇಲೂ ಕೈಯಿಡುತ್ತಿದ್ದ.

ಊಟವಾದ ಮೇಲೆ ಆಲ್ಡೊ ಅಕ್ಕನನ್ನು ಕಾಫಿ ಯಂತ್ರದ ಪಕ್ಕಕ್ಕೆ ಕರೆದ.

"ಫಿನಾ, ಆ ಆಗಸ್ಟ್ ಹದಿನೆಂಟು... ಕಮಿಟಿಯವರು ಕೇಳ್ತಾ ಇದ್ದಾರೆ. ಸಮಾರಂಭ ಹೇಗೂ ರದ್ದಾಯ್ತಲ್ಲ, ಹಾಲ್ ಬೇರೆಯವರಿಗೆ ಕೊಡಬಹುದಾ ಅಂತ. ರೈಫಲ್ ಕ್ಲಬ್ಬಿನವರದು ಬಹುಮಾನ ವಿತರಣೆ ಇದೆಯಂತೆ."

"ಕಮಿಟಿ ಅಂದ್ರೆ ಯಾರು?"

"ಎಲ್ಲರೂ."

"ಹೆಸರು ಹೇಳು."

ಆಲ್ಡೊ ಕಪ್ಪಿನೊಳಗೆ ನೋಡಿದ. "ಸುಮ್ನೆ ಯಾಕೆ ರಂಪ? ಮನೇಲಿ ನಾಲ್ಕು ಜನ ಸೇರಿ ಊಟ ಮಾಡಿ. ಯಾರು ಬೇಡ ಅಂದ್ರು?"

"ನಿನ್ನ ಎರಡನೇ ಮದುವೆ ಎಲ್ಲಿ ಮಾಡ್ಕೊಂಡೆ ಆಲ್ಡೊ? ಮನೇಲಿ ನಾಲ್ಕು ಜನ ಸೇರಿನಾ? ಇದೇ ಹಾಲ್‌ನಲ್ಲಿ ಮುನ್ನೂರು ಜನ. ಎರಡು ಹಂದಿ ಸುಟ್ಟಿದ್ದು ಯಾರು? ನಾನು ಮತ್ತೆ ಗ್ಲೆನಿಸ್, ಬೆಳಗಿನ ಜಾವದಿಂದ ಬೆಂಕಿ ಮುಂದೆ ನಿಂತು. ಆಗ ಚರ್ಚಿನ ಫಾದರ್ ಬರಲ್ಲ ಅಂದ್ರು, ಮೊದಲ ಹೆಂಡ್ತಿ ಬದುಕಿದ್ದಾಳೆ ಅಂತ. ಅವರಿಗೂ ನೋವಾಗಿತ್ತಲ್ಲೋ. ನಿನ್ನ ಮದುವೆ ಹೆಸರು ಬದಲಾಯಿಸಿದ್ರಾ ಯಾರಾದ್ರೂ?"

"ಮೆಲ್ಲಗೆ ಮಾತಾಡು."

ಅಷ್ಟರಲ್ಲಿ ಶಾಸಕನೇ ನಗುತ್ತ ಅವರ ಬಳಿ ಬಂದ. "ನೀವು ಫಿನಾ ಅಲ್ವಾ? ನನ್ನ ಅಕ್ಕನ ಮಕ್ಕಳು ನಿಮ್ಮ ಬಸ್ಸಲ್ಲೇ ಬರ್ತಾರೆ. ನೋಡಿ, ನಿಮಗೆ ಸ್ವಲ್ಪ ಬೇಜಾರಾಗಿದೆ ಅಂತ ಕೇಳ್ದೆ. ನಾನು ನಿಮಗೆ ಒಂದು ಮಾತು ಹೇಳ್ಬೇಕು. ಒಂದೇ ಒಂದು ಹಕ್ಕೂ ಹೋಗಿಲ್ಲ. ಆಸ್ತಿ, ಆಸ್ಪತ್ರೆ, ಎಲ್ಲಾ ಹಾಗೇ ಇದೆ. ಆ ಮದುವೆ ಥರದ ಭಾಗ ಮಾತ್ರ ತೆಗೆದ್ವಿ. ಪೂರ್ತಿ ಕಾನೂನೇ ಕಿತ್ತಾಕಿ ಅಂದವರೂ ಇದ್ರು. ನಾವು ಉಳಿಸಿದ್ವಿ."

"ಅಂದ್ರೆ ನಾನು ನಿಮಗೆ ಥ್ಯಾಂಕ್ಸ್ ಹೇಳ್ಬೇಕಾ?"

"ಹಾಗಲ್ಲ..."

"ಆ ಮದುವೆ ಥರದ ಭಾಗದಿಂದ ನಿಮಗೇನು ತೊಂದರೆ ಆಗಿತ್ತು, ಅದನ್ನ ಹೇಳಿ."

"ವೈಯಕ್ತಿಕವಾಗಿ ನನಗೇನೂ ಇಲ್ಲ. ಜನರ ಭಾವನೆ."

"ನಾನು ಜನ ಅಲ್ವಾ?"

ಅವನು ಅವಳ ಹೆಗಲ ಮೇಲೆ ಕೈಯಿಟ್ಟ. "ಪಾರ್ಟಿ ಮಾಡ್ಕೊಳ್ಳಿ ಫಿನಾ. ಹಾಡಿ, ಕುಣೀರಿ. ಯಾರೂ ತಡೆಯಲ್ಲ."

ಫಿನಾ ಆ ಕೈಯನ್ನು ಎರಡು ಬೆರಳಲ್ಲಿ ಹಿಡಿದು, ಅಂಗಿಯ ಮೇಲೆ ಬಿದ್ದ ಹುಳುವನ್ನು ತೆಗೆಯುವ ಹಾಗೆ ತೆಗೆದು ಬಿಟ್ಟಳು. ಹತ್ತಿರವಿದ್ದ ಎಂಟು ಹತ್ತು ಜನ ನೋಡಿದರು. ಆಲ್ಡೊನ ಮುಖ ಕೆಂಪಾಯಿತು.

"ಮರ್ಯಾದೆ ತೆಗೀತೀಯ," ಎಂದ ಹಲ್ಲು ಕಚ್ಚಿ.

"ಹಾಲ್ ರೈಫಲ್ ಕ್ಲಬ್ಬಿಗೆ ಕೊಡು," ಎಂದಳು ಅವಳು. "ಅವರಾದ್ರೂ ಯಾರಿಗೂ ನೋವು ಮಾಡಲ್ಲ ಪಾಪ."

ಮನೆಯಲ್ಲಿ ಫಾರಂ ಮೇಜಿನ ಮೇಲೆ ಬಿದ್ದಿತ್ತು. ಗ್ಲೆನಿಸ್ ತನ್ನ ಭಾಗವನ್ನು ದುಂಡು ಅಕ್ಷರಗಳಲ್ಲಿ ತುಂಬಿಟ್ಟಿದ್ದಳು. ಎರಡನೆಯ ವ್ಯಕ್ತಿಯ ಭಾಗ ಖಾಲಿ. ಹತ್ತು ದಿನ ಅದು ಅಲ್ಲೇ ಇತ್ತು. ಅದರ ಪಕ್ಕದಲ್ಲೇ ತಿಂದರು, ಕುಡಿದರು, ಒಬ್ಬರನ್ನೊಬ್ಬರು ಉಪ್ಪು ಕೇಳಿದರು. ಹನ್ನೊಂದನೆಯ ದಿನ ಬೆಳಿಗ್ಗೆ ಗ್ಲೆನಿಸ್ ಅದನ್ನು ಎತ್ತಿ ಡ್ರಾಯರಿನೊಳಗೆ ಇಡಲು ಹೋದಳು. ಅವಳ ಬೆನ್ನು ನೋಡಿ ಫಿನಾಗೆ ಏನನ್ನಿಸಿತೋ.

"ಕೊಡು ಇಲ್ಲಿ," ಎಂದಳು.

ತುಂಬುವಾಗ ಪೆನ್ನಿನ ಮೊನೆಗೆ ಎರಡು ಕಡೆ ಕಾಗದ ಹರಿಯಿತು.

ಸಹಿಗೆ ಜೆ.ಪಿ. ಬೇಕು. ಕಾಗದಪತ್ರಗಳಿಗೆ ಸಾಕ್ಷಿಯಾಗಿ ಮುದ್ರೆ ಒತ್ತಲು ಸರ್ಕಾರ ನೇಮಿಸಿದವರು ಊರಲ್ಲಿ ನಾಲ್ಕೈದು ಜನ ಇದ್ದರು. ಆಲ್ಡೊ ಅವರಲ್ಲೊಬ್ಬ. ಫಿನಾ ನೇರ ಅವನ ಶೆಡ್ಡಿಗೇ ಹೋದಳು. ಗ್ಲೆನಿಸ್ ಬೇಡ ಬೇಡ ಎನ್ನುತ್ತ ಹಿಂದೆ ಬಂದಳು. ಆಲ್ಡೊ ಟ್ರ್ಯಾಕ್ಟರಿನ ಕೆಳಗಿಂದ ಎದ್ದು, ಕೈ ಒರೆಸಿಕೊಂಡು, ಫಾರಂ ಓದಿದ. ಓದಿ ಮುಗಿಸುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ.

"ನಾನು ಇದಕ್ಕೆ ಮುದ್ರೆ ಹಾಕೋ ಹಾಗಿಲ್ಲ."

"ಯಾಕೆ?"

"ನಿಯಮ ಇದೆ. ಹತ್ತಿರದ ಸಂಬಂಧಿಗಳದ್ದಕ್ಕೆ ಸಾಕ್ಷಿ ಹಾಕಬಾರದು. ನೀನು ನನ್ನ ಅಕ್ಕ."

ಫಿನಾ ನಕ್ಕಳು. ಆ ನಗು ಕೇಳಿ ಗ್ಲೆನಿಸ್ ಅವಳ ತೋಳು ಹಿಡಿದುಕೊಂಡಳು.

"ಅಕ್ಕ! ಕೇಳಿಸ್ಕೊಂಡ್ಯಾ ಗ್ಲೆನ್? ನಾನು ಇವನಿಗೆ ಅಕ್ಕ ಅಂತೆ. ಹಾಲ್ ಕೇಳಿದಾಗ ನಾನು ಕಮಿಟಿಗೆ ಬಂದ ಅರ್ಜಿ. ಮುದ್ರೆ ಕೇಳಿದಾಗ ಅಕ್ಕ. ನಿನಗೆ ಚಿಕನ್‌ಪಾಕ್ಸ್ ಆದಾಗ ಯಾರೋ ನಿನ್ನ ಬೆನ್ನಿಗೆ ಔಷಧಿ ಹಚ್ಚಿದ್ದು? ಅಪ್ಪನ ಕಾಲಿನ ಹುಣ್ಣಿಗೆ ಮೂರು ವರ್ಷ ದಿನಾ ಬಂದು ಪಟ್ಟಿ ಕಟ್ಟಿದ್ದು ಯಾರು? ಇವಳು. ಅಪ್ಪ ಸಾಯೋವಾಗ ಕೈ ಹಿಡ್ಕೊಂಡಿದ್ದು ನಿನ್ನದಲ್ಲ, ಇವಳದು."

"ನಿಯಮ ನಾನು ಮಾಡಿದ್ದಲ್ಲ," ಎಂದ ಆಲ್ಡೊ.

"ಯಾರೂ ಏನೂ ಮಾಡಿಲ್ಲ. ಡೆರಿಲ್ ಮಾಡಿಲ್ಲ, ಕಮಿಟಿ ಮಾಡಿಲ್ಲ, ನೀನೂ ಮಾಡಿಲ್ಲ. ಇದೆಲ್ಲ ಆಕಾಶದಿಂದ ಬಿತ್ತು."

ಅವನು ಹೇಳಿದ್ದು ನಿಯಮದ ಪ್ರಕಾರ ಸರಿಯೇ ಇತ್ತು. ಅದು ಅವಳಿಗೂ ಗೊತ್ತಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು. ಟ್ರ್ಯಾಕ್ಟರಿನ ಚಕ್ರಕ್ಕೆ ಬೂಟುಗಾಲಿನಿಂದ ಒದ್ದು ಹೊರಬಂದಳು. ಮನೆಗೆ ಬಂದು ಬೂಟು ಬಿಚ್ಚಿದಾಗ ಹೆಬ್ಬೆರಳು ಊದಿಕೊಂಡಿತ್ತು.

ಕೊನೆಗೆ ಸಹಿಯಾದದ್ದು ಸೂಪರ್‌ಮಾರ್ಕೆಟ್ಟಿನ ಮುಂದಿನ ಪಡಸಾಲೆಯಲ್ಲಿ. ಅಲ್ಲಿ ಗುರುವಾರಗಳಂದು ಒಬ್ಬ ಮುದುಕ ಜೆ.ಪಿ. ಮಡಚುವ ಮೇಜು ಹಾಕಿಕೊಂಡು ಕೂರುತ್ತಿದ್ದ. ಇವರ ಮುಂದೆ ಒಬ್ಬ ಟ್ರೇಲರ್ ಮಾರಿದ ಕಾಗದ ಹಿಡಿದು ನಿಂತಿದ್ದ. ಹಿಂದೆ ಪಿಂಚಣಿಯ ಫಾರಂ ಹಿಡಿದ ಹೆಂಗಸು. ಪಕ್ಕದಲ್ಲಿ ಕೊಯ್ದ ಕುಂಬಳಕಾಯಿಯ ಕಿಲೋ ಬೆಲೆ ಕೂಗುತ್ತಿದ್ದರು. ಸರದಿ ಬರುವ ಮೊದಲು ಗ್ಲೆನಿಸ್ ಚೀಲದಿಂದ ಸಣ್ಣ ಕನ್ನಡಿ ತೆಗೆದು ತುಟಿಗೆ ಬಣ್ಣ ಹಚ್ಚಿಕೊಂಡಳು. ಫಿನಾ ಅದನ್ನು ನೋಡಿದಳು. ನೋಡಬಾರದಿತ್ತು ಅನ್ನಿಸಿತು.

"ಲೈಸೆನ್ಸ್ ಇದೆಯಾ? ಗುರುತಿಗೆ," ಎಂದ ಮುದುಕ. ಇಬ್ಬರದ್ದೂ ನೋಡಿದ. "ಇಲ್ಲಿ ಸಹಿ. ಇಲ್ಲಿ. ಈ ಪುಟಕ್ಕೂ." ಮುದ್ರೆ ಒತ್ತಿದ. "ಮುಂದಿನವರು."

ಮೂರು ನಿಮಿಷವೂ ಆಗಿರಲಿಲ್ಲ.

ಕಾರಿನಲ್ಲಿ ಗ್ಲೆನಿಸ್ ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. "ನನಗೆ ಸಂತೋಷ ಆಗಿದೆ ಫಿನಾ. ನಿನಗೆ ಸಿಟ್ಟು ಬಂದ್ರೆ ಬರಲಿ. ಆದ್ರೆ ನನ್ನ ಸಂತೋಷನ ಇವತ್ತೊಂದಿನ ಮುಟ್ಟಬೇಡ."

ಫಿನಾ ಮುಟ್ಟಲಿಲ್ಲ. ಕಾರು ಶುರುಮಾಡಿ ಮನೆಯ ಕಡೆ ತಿರುಗಿಸಿದಳು.

ಪ್ರಮಾಣಪತ್ರ ಜುಲೈ ಕೊನೆಗೆ ಬಂತು. ಗ್ಲೆನಿಸ್ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತನ್ನ ಕೈಚೀಲದೊಳಗಿಟ್ಟುಕೊಂಡಳು. ಆಗಸ್ಟ್ ಹದಿನೆಂಟರ ಮಾತನ್ನು ಇಬ್ಬರೂ ಬಿಟ್ಟಿದ್ದರು. ಕರೆದವರಿಗೆಲ್ಲ ಫೋನ್ ಮಾಡಿ ಇಲ್ಲ ಎಂದು ಹೇಳುವ ಕೆಲಸ ಮಾತ್ರ ಉಳಿದಿತ್ತು.

ಅದರ ಮರುವಾರ, ಬಟ್ಟೆ ಒಣಹಾಕುತ್ತಿದ್ದ ಗ್ಲೆನಿಸ್ ಎದೆ ಹಿಡಿದುಕೊಂಡು ಹುಲ್ಲಿನ ಮೇಲೆ ಕುಳಿತುಬಿಟ್ಟಳು. ಆಂಬುಲೆನ್ಸ್ ಬಂತು. ಟೌನ್ಸ್‌ವಿಲ್‌ನ ದೊಡ್ಡ ಆಸ್ಪತ್ರೆಗೆ ಒಯ್ದರು. ಫಿನಾ ಗ್ಲೆನಿಸ್‌ಳ ಕೈಚೀಲ ಎತ್ತಿಕೊಂಡು ಕಾರಿನಲ್ಲಿ ಹಿಂಬಾಲಿಸಿದಳು. ಆಸ್ಪತ್ರೆಯ ಬಾಗಿಲಲ್ಲಿದ್ದ ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತಿದಳು.

"ನೀವು ಅವರಿಗೆ ಏನಾಗ್ಬೇಕು?"

ಫಿನಾ ಕೈಚೀಲ ತೆರೆದು ಕಾಗದ ಕೊಟ್ಟಳು. ಹುಡುಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಒರಟು ಹುಡುಗಿಯೇನಲ್ಲ.

"ನೋಂದಾಯಿತ ಸಂಬಂಧ... ಅಂದ್ರೆ? ಕೇರ್‌ಟೇಕರ್ ಥರಾನಾ?"

"ಅಲ್ಲ."

"ನಮ್ಮ ಪಟ್ಟೀಲಿ ಇದು ಇಲ್ಲ. ಒಂದ್ನಿಮಿಷ ಇರಿ, ಮೇಲಿನವರನ್ನ ಕೇಳ್ತೀನಿ."

ಮೇಲಿನವರು ಫೋನ್ ಎತ್ತಲಿಲ್ಲ. ಹುಡುಗಿ ಮತ್ತೊಂದು ನಂಬರ್ ಒತ್ತಿದಳು. ಅಷ್ಟರಲ್ಲಿ ಚಪ್ಪಲಿ ಹಾಕಿಕೊಂಡ, ಅಂಗಿಯ ತುಂಬ ಪೇಂಟಿನ ಕಲೆಯಿದ್ದ ಒಬ್ಬ ಗಂಡಸು ಏದುಸಿರು ಬಿಡುತ್ತ ಬಂದ. "ನನ್ನ ಹೆಂಡತಿ... ಈಗ ತಂದ್ರಲ್ಲ, ನಾನು ಅವಳ ಗಂಡ," ಎಂದ. ಹುಡುಗಿ ಫೋನನ್ನು ಕಿವಿಗೊತ್ತಿಕೊಂಡೇ ಗುಂಡಿ ಒತ್ತಿದಳು. ಬಾಗಿಲು ತೆರೆಯಿತು. ಅವನು ಒಳಗೆ ಹೋದ. ಯಾವ ಕಾಗದವನ್ನೂ ಯಾರೂ ಕೇಳಲಿಲ್ಲ. ಅವನು ಹೇಳಿದ್ದು ಒಂದು ಶಬ್ದ, ಅಷ್ಟೇ.

ಫಿನಾಳನ್ನು ಒಳಗೆ ಬಿಟ್ಟಿದ್ದು ಹದಿನಾಲ್ಕು ನಿಮಿಷದ ಮೇಲೆ. ಗೋಡೆಯ ಗಡಿಯಾರದಲ್ಲಿ ಅವಳು ಒಂದೊಂದನ್ನೂ ನೋಡಿದ್ದಳು.

ಗ್ಲೆನಿಸ್ ಬದುಕಿದಳು. ರಕ್ತನಾಳದಲ್ಲಿ ಒಂದು ಸ್ಟೆಂಟ್ ಹಾಕಿ ನಾಲ್ಕನೆಯ ದಿನ ಮನೆಗೆ ಕಳಿಸಿದರು. ಹಾಸಿಗೆಯ ಮೇಲೆ ದಿಂಬಿಗೊರಗಿ ಕೂತವಳಿಗೆ ಫಿನಾ ಆ ಹದಿನಾಲ್ಕು ನಿಮಿಷದ ಕತೆ ಹೇಳಿದಳು.

"ಆದ್ರೂ ಒಳಗೆ ಬಿಟ್ರಲ್ಲ," ಎಂದಳು ಗ್ಲೆನಿಸ್. "ಕಾಗದ ಇಲ್ಲದಿದ್ರೆ ಬಿಡ್ತಿದ್ರಾ?"

"ಇಲ್ಲ."

"ಹಾಗಾದ್ರೆ ನಾನು ಹೇಳಿದ್ದು ಸರಿ."

"ಸರಿ. ನೀನು ಹೇಳಿದ್ದು ಸರಿ." ಫಿನಾಳ ದನಿ ಒಡೆಯಿತು. ಅಳುವಲ್ಲ ಅದು. "ಆದ್ರೆ ಆ ಹದಿನಾಲ್ಕು ನಿಮಿಷದಲ್ಲಿ ನೀನು ಹೋಗಿಬಿಟ್ಟಿದ್ರೆ? ಆ ಪೇಂಟಿನವನಿಗೆ ಹೆಂಡತಿ ಜೊತೆ ಮೂರು ವರ್ಷ ಆಗಿತ್ತೋ ಮೂರು ತಿಂಗಳಾಗಿತ್ತೋ. ಅವನು ಗಂಡ ಅಂದ, ಎಲ್ಲರಿಗೂ ಅರ್ಥ ಆಯ್ತು. ನಾನು ಏನು ಅಂತ ಹೇಳ್ಲಿ ಗ್ಲೆನ್? ನನ್ನ ಬಾಯಲ್ಲಿ ಇಟ್ಟುಕೊಳ್ಳೋಕೆ ಒಂದು ಶಬ್ದ ಇಲ್ಲ. ಕಿತ್ಕೊಂಡಿದ್ದು ಪಾರ್ಟಿ ಅಲ್ಲ, ಅದು."

ಹೊರಗೆ ಕಬ್ಬಿನ ರೈಲಿನ ಸಿಳ್ಳೆ ಕೇಳಿಸಿತು.

"ಅರವತ್ತು ಜನಕ್ಕೂ ಇಲ್ಲ ಅಂತ ಫೋನ್ ಮಾಡಿಬಿಟ್ಯಾ?" ಎಂದು ಕೇಳಿದಳು ಗ್ಲೆನಿಸ್.

"ಎಲ್ಲಿ? ನಿನ್ನ ಆಸ್ಪತ್ರೆ ಗಲಾಟೇಲಿ ಒಬ್ಬರಿಗೂ ಮಾಡಿಲ್ಲ."

"ಮಾಡಬೇಡ."

"ಹಾಲ್ ಇಲ್ಲ."

"ಡೆರಿಲ್ ಸ್ಟಾಕ್‌ವೆಲ್ ಕಚೇರಿ ಮುಂದೆ ಫುಟ್‌ಪಾತ್ ಎಷ್ಟು ಅಗಲ ಇದೆ ಅಂತ ಯಾವತ್ತಾದ್ರೂ ನೋಡಿದ್ದೀಯಾ?" ಎಂದಳು ಗ್ಲೆನಿಸ್. "ಯಾರೂ ತಡೆಯಲ್ಲ ಅಂತ ಅವನೇ ಹೇಳಿದಾನಲ್ಲ."

ಹೀಗೆ, ಸದಾ ಸಮಾಧಾನ ಹೇಳುತ್ತಿದ್ದವಳ ಬಾಯಿಂದಲೇ ಆ ಯೋಚನೆ ಬಂತು.

ಕುರ್ಚಿಗಳನ್ನು ಅಗ್ನಿಶಾಮಕ ದಳದವರು ಕೊಟ್ಟರು. ಮರ್ಲ್ ತಾನಾಗಿಯೇ ಬರುತ್ತೇನೆಂದಳು. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಮುಖ್ಯರಸ್ತೆಯಲ್ಲಿ, ಬೇಕರಿಗೂ ಔಷಧಿ ಅಂಗಡಿಗೂ ನಡುವೆ, ಶಾಸಕರ ದೊಡ್ಡ ನಗುವ ಫೋಟೋ ಅಂಟಿಸಿದ್ದ ಗಾಜಿನ ಮುಂದೆ ಅರವತ್ತು ಕುರ್ಚಿ ಹಾಕಿದರು. ನಡೆದುಹೋಗುವವರಿಗೆ ಒಂದು ಕಡೆ ದಾರಿ ಬಿಟ್ಟರು. ಕಚೇರಿಯೊಳಗಿದ್ದ ಹೆಂಗಸು ಒಮ್ಮೆ ಇಣುಕಿ ಪರದೆ ಇಳಿಸಿದಳು. ಪೊಲೀಸ್ ಸಾರ್ಜೆಂಟ್ ಬಂದು ಪರವಾನಗಿ ಕೇಳಿದ.

"ಮದುವೆ ಅಲ್ಲ, ಸಮಾರಂಭನೂ ಅಲ್ಲ, ಹಾಗಂತ ಕಾನೂನೇ ಹೇಳುತ್ತೆ," ಎಂದಳು ಫಿನಾ. "ಒಂದಷ್ಟು ಜನ ಫುಟ್‌ಪಾತ್ ಮೇಲೆ ಕಾಲು ನೋವು ಅಂತ ಕೂತಿದ್ದಾರೆ. ಅದಕ್ಕೂ ಪರವಾನಗಿ ಬೇಕಾ?"

ಸಾರ್ಜೆಂಟ್ ಕುರ್ಚಿಗಳ ಕಡೆ ನೋಡಿದ. ಮೂರನೆಯ ಸಾಲಿನಲ್ಲಿ ಅವನ ಹೆಂಡತಿಯೇ ಹ್ಯಾಟು ಹಾಕಿಕೊಂಡು ಕೂತಿದ್ದಳು. ಬೇಕರಿಗೆ ಹೋಗಿ ಪೈ ತೆಗೆದುಕೊಂಡು, ದೂರ ನಿಂತು ತಿನ್ನತೊಡಗಿದ.

ಕರೆದವರಲ್ಲಿ ಹದಿನೇಳು ಜನ ಬರಲಿಲ್ಲ. ಯಾರು ಯಾರು ಎಂದು ಫಿನಾ ಎಣಿಸಿಕೊಂಡಳು. ಕರೆಯದವರು ಮೂವತ್ತು ಜನ ಬಂದು ನಿಂತರು. ಕಾರ್ಮೆಲ್ ಒಂದು ತಟ್ಟೆ ಕ್ರೋಸ್ತೊಲಿ ಹಿಡಿದು ರಸ್ತೆ ದಾಟಿ ಬಂದಳು. ಕರಿದ ಆ ತೆಳ್ಳಗಿನ ಸಿಹಿ ಊರಿನ ಇಟಾಲಿಯನ್ ಮನೆಗಳಲ್ಲಿ ಮದುವೆಗಳಿಗೇ ಮಾಡುವುದು. ಆಲ್ಡೊ ಆಚೆ ಬದಿಯಲ್ಲಿ ಪಿಕಪ್ ಗಾಡಿಯೊಳಗೆ ಕೂತಿದ್ದ. ಇಳಿಯಲಿಲ್ಲ, ಹೊರಟೂ ಹೋಗಲಿಲ್ಲ.

ಮರ್ಲ್ ಕಾನೂನಿನಿಂದ ತೆಗೆದುಹಾಕಿದ ಆ ಮಾತುಗಳನ್ನೇ ಓದಿದಳು. ಗ್ಲೆನಿಸ್ ತನ್ನ ಪಾಲಿನದನ್ನು ಮೆಲುದನಿಯಲ್ಲಿ, ತಪ್ಪಿಲ್ಲದೆ ಹೇಳಿದಳು. ಫಿನಾಳ ಸರದಿ ಬಂತು. "ಇಲ್ಲಿ ಸೇರಿರುವ ಎಲ್ಲರ ಮುಂದೆ..." ಎಂದು ಶುರುಮಾಡಿ ನಿಂತಳು. ಒಂದು ಕಾರು ಬಂದು ನಿಂತಿತ್ತು. ಡೆರಿಲ್ ಸ್ಟಾಕ್‌ವೆಲ್ ಇಳಿದು, ನಗುತ್ತ, ಎರಡೂ ಕೈ ಚಾಚಿಕೊಂಡು ಬಂದ. ಪರದೆಯ ಹಿಂದಿನವಳು ಫೋನ್ ಮಾಡಿರಬೇಕು.

"ಎಷ್ಟು ಚೆನ್ನಾಗಿದೆ!" ಎಂದ ಎಲ್ಲರಿಗೂ ಕೇಳುವ ಹಾಗೆ. "ನಾನು ಹೇಳಿರ್ಲಿಲ್ವಾ ಫಿನಾ? ಯಾರೂ ತಡೀಲಿಲ್ಲ ನೋಡಿ."

"ನೀವು ತಡೆದ್ರಿ," ಎಂದಳು ಫಿನಾ.

"ನಾನಾ?"

"ನೀವೇ. ಜೂನ್ ತಿಂಗಳಲ್ಲಿ ಕೈಯೆತ್ತಿ. ಈಗ ಮರ್ಲ್ ಓದಿದ್ದನ್ನ ನೀವು ಓದಿದ್ದೀರಾ? ತೆಗೆದುಹಾಕೋ ಮುಂಚೆ ಒಂದ್ಸಲನಾದ್ರೂ ಓದಿದ್ರಾ?"

ಶಾಸಕ ಗಡಿಯಾರ ನೋಡಿಕೊಂಡ.

"ಓದಿಲ್ಲ. ಹಾಗಾದ್ರೆ ಕೂತ್ಕೊಳ್ಳಿ." ಅವಳು ಮುಂದಿನ ಸಾಲಿನ ಖಾಲಿ ಕುರ್ಚಿಯನ್ನು ಎಳೆದು ಅವನ ಮೊಣಕಾಲಿಗೆ ತಾಗುವ ಹಾಗೆ ಇಟ್ಟಳು. "ಮೂರೇ ವಾಕ್ಯ. ನಾನು ಹೇಳಿ ಮುಗಿಸೋವರೆಗೂ ಕೂತಿರಿ. ಎಲ್ಲಿ ನೋವಾಗುತ್ತೆ ಅಂತ ತೋರಿಸಿ. ನನ್ನವಳು ನರ್ಸ್, ಪಟ್ಟಿ ಕಟ್ತಾಳೆ."

ಜನ ನಕ್ಕರು. ಕೆಲವರು ನಗಲಿಲ್ಲ, ಅವನನ್ನೇ ನೋಡುತ್ತಿದ್ದರು. ಶಾಸಕನ ನಗು ತುಟಿಯ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. "ನನಗೆ ಇನ್ನೊಂದು ಕಾರ್ಯಕ್ರಮ ಇದೆ," ಎಂದು ಹೇಳಿ ಕಾರಿನ ಕಡೆ ತಿರುಗಿದ. ನಿಂತಿದ್ದವರು ದಾರಿ ಬಿಡಲು ಅವಸರ ಮಾಡಲಿಲ್ಲ. "ಕ್ಷಮಿಸಿ, ಕ್ಷಮಿಸಿ" ಎನ್ನುತ್ತ ಅವನು ಒಬ್ಬೊಬ್ಬರನ್ನೇ ದಾಟಿಕೊಂಡು ಹೋಗಬೇಕಾಯಿತು.

ಕಾರು ಹೋದ ಮೇಲೆ ಫಿನಾ ತನ್ನ ಮೂರು ವಾಕ್ಯ ಹೇಳಿದಳು. ಬೈಯುವವಳ ದನಿಯಲ್ಲೇ ಹೇಳಿದಳು. ರಸ್ತೆಯ ಆಚೆಬದಿಯವರೆಗೂ ಕೇಳಿಸಿತು. ಗ್ಲೆನಿಸ್ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಆಮೇಲೆ ನಡೆದದ್ದನ್ನೂ ಹೇಳಿಬಿಡಬೇಕು. ಎರಡು ಮನೆಯವರು ತಮ್ಮ ಮಕ್ಕಳನ್ನು ಫಿನಾಳ ಬಸ್ಸಿಗೆ ಕಳಿಸುವುದನ್ನು ನಿಲ್ಲಿಸಿದರು. ಅವರಲ್ಲಿ ಒಬ್ಬರು ಆರು ವಾರ ತಾವೇ ಕಾರಿನಲ್ಲಿ ಕರೆದೊಯ್ದು ಸುಸ್ತಾಗಿ ಮತ್ತೆ ಕಳಿಸತೊಡಗಿದರು. ಆಲ್ಡೊ ಎರಡು ವರ್ಷ ಅಕ್ಕನ ಜೊತೆ ಮಾತಾಡಲಿಲ್ಲ. ಆಮೇಲೆ ಆಡಿದ, ಮಳೆ ಬೆಳೆಯ ಮಾತು ಮಾತ್ರ. ಸ್ಟಾಕ್‌ವೆಲ್ ಮುಂದಿನ ಚುನಾವಣೆಯಲ್ಲಿ ಸೋತ. ಬೇರೆ ಕಾರಣಕ್ಕೆ. ಹೊಸ ಸರ್ಕಾರ ಸಮಾರಂಭವನ್ನು ಕಾನೂನಿಗೆ ಮರಳಿ ಸೇರಿಸಿತು. ಸುದ್ದಿ ಕೇಳಿ ಗ್ಲೆನಿಸ್ ಕೇಕು ಮಾಡಿದಳು. ಫಿನಾ, ಕಿತ್ಕೊಂಡದ್ದನ್ನು ವಾಪಸ್ ಕೊಟ್ಟರೆ ಅದು ಉಡುಗೊರೆಯಲ್ಲ ಎಂದಳು. ಆದರೂ ಕೇಕು ತಿಂದಳು.

೨೦೧೭ರಲ್ಲಿ, ಇಂಥವರು ಮದುವೆಯಾಗಬಹುದೋ ಬಾರದೋ ಎಂದು ದೇಶದ ಪ್ರತಿ ಮತದಾರರಿಗೂ ಅಂಚೆಯಲ್ಲಿ ಚೀಟಿ ಕಳಿಸಿ ಕೇಳಿದರು. ಆ ಸಲದ ಫಿನಾಳ ಸಿಟ್ಟಿನ ಮುಂದೆ ಹಿಂದಿನದೆಲ್ಲ ಏನೂ ಅಲ್ಲ. ಆಲ್ಡೊನ ಮದುವೆಗೆ ನನ್ನನ್ನು ಯಾರಾದರೂ ಕೇಳಿದ್ದರೇ, ಎರಡು ಸಲವೂ, ಎಂದು ಅಂಚೆ ಕಚೇರಿಯ ಕೌಂಟರಿನಲ್ಲೇ ಕೂಗಾಡಿದಳು. ಆ ದೇಶ ಹೂಂ ಎಂದಿತು. ಮರುವರ್ಷ ಫೆಬ್ರವರಿಯ ಒಂದು ಮಂಗಳವಾರ, ಟೌನ್ಸ್‌ವಿಲ್‌ನ ನ್ಯಾಯಾಲಯದ ಕಟ್ಟಡದಲ್ಲಿ, ಇಬ್ಬರು ಗುಮಾಸ್ತರ ಸಾಕ್ಷಿಯಲ್ಲಿ ಅವರ ಮದುವೆಯಾಯಿತು. ಯಾರನ್ನೂ ಕರೆದಿರಲಿಲ್ಲ. ಗ್ಲೆನಿಸ್‌ಗೆ ಎಪ್ಪತ್ತೆರಡು, ಕೋಲು ಹಿಡಿದು ನಿಂತಿದ್ದಳು. ಹೊರಗೆ ಮಳೆ ಬಿದ್ದು ನಿಂತು ರಸ್ತೆಯಿಂದ ಹಬೆ ಏಳುತ್ತಿತ್ತು.

ಮೆಟ್ಟಿಲಿಳಿಯುತ್ತ ಗ್ಲೆನಿಸ್ ಕೇಳಿದಳು, "ಈಗಲಾದ್ರೂ ಸಿಟ್ಟು ಇಳೀತಾ?"

"ಇಲ್ಲ," ಎಂದಳು ಫಿನಾ. "ಮೂವತ್ಮೂರು ವರ್ಷ ತಿಂದ್ಕೊಂಡ್ರಲ್ಲ, ಅದನ್ನ ಯಾರು ಕೊಡ್ತಾರೆ? ಮೆಟ್ಟಿಲು ಜಾರುತ್ತೆ. ಕೈ ಕೊಡು."